ಹಿಂದಿನ ದಿಮ್ಮಿ ಗಡಿ ದಾಟುವ ಮೊದಲು

ಮಿನಾ ಅತ್ತೆಯ ಮನೆ ಶನಿವಾರ ಬೆಳಿಗ್ಗೆ ತನ್ನ ಜಾಗ ಬಿಟ್ಟು ಹೊರಟಿತು. ಬಾಗಿಲು, ಕಿಟಕಿ, ಚಾವಣಿಯ ಹೊಗೆಕೊಳವೆ, ಒಳಗೆ ಒಲೆಯ ಮುಂದೆ ಕಾಫಿ ಕಾಯಿಸುತ್ತ ಕುಳಿತ ಮಿನಾ ಅತ್ತೆ, ಎಲ್ಲವೂ ಇದ್ದುದು ಇದ್ದ ಹಾಗೆಯೇ ಹೊರಟವು. ಪೈನ್ ಮರದ ದುಂಡು ದಿಮ್ಮಿಗಳ ಮೇಲೆ ಕುಳಿತ ಆ ಎರಡು ಕೋಣೆಯ ಮನೆಯನ್ನು ನಾಲ್ಕು ಹೇಸರಗತ್ತೆಗಳು ಮೂಗಿನಲ್ಲಿ ಹಬೆ ಬಿಡುತ್ತ ಎಳೆಯುತ್ತಿದ್ದವು. ಮನೆ ಮುಂದೆ ಸರಿದಂತೆ ಹಿಂದೆ ಉಳಿದ ದಿಮ್ಮಿಯನ್ನು ಎತ್ತಿ ಮುಂದಕ್ಕೆ ತಂದು ಹಾಕುವುದು ಊರಿನವರ ಕೆಲಸ. ಎಲ್ಲಿ ಎತ್ತಬೇಕು, ಎಲ್ಲಿ ಬೆಣೆ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳುವುದು ಬಡಗಿ ಆಲ್ಡನ್ ಸ್ಟ್ರೌಡನ ಕೆಲಸ.

ಆಲ್ಡನ್ ನಿವೇಶನದ ಗಡಿಗೂಟದ ಪಕ್ಕದಲ್ಲಿ ನಿಂತಿದ್ದ. ಅಲ್ಲಿ ದಿಮ್ಮಿ ಎತ್ತುತ್ತಿದ್ದ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಅವನಿಗೆ ಗೊತ್ತಿತ್ತು. ಅವನು ಬಾಯಿ ತೆರೆದರೆ ಆ ಮನೆ ಅಲ್ಲಿಯೇ ನಿಲ್ಲುತ್ತಿತ್ತು. ಮನೆ ಹೊರಟಾಗಿನಿಂದ ಅವನು ಬಾಯಿ ತೆರೆದದ್ದು ಎರಡೇ ಮಾತಿಗೆ: "ಎಳೀರಿ" ಮತ್ತು "ನಿಲ್ಲಿ."

ನ್ಯೂ ಕಾಮನ್ಸ್‌ನಲ್ಲಿ ಮನೆ ಹೊರಡುವುದು ಯಾರಿಗೂ ವಿಚಿತ್ರವಲ್ಲ. ಮೊಬೈಲ್ ಎಂಬ ಕಡಲಕೊಲ್ಲಿಯ ಪೂರ್ವದಂಡೆಯ ಆ ದಿಬ್ಬದ ಮೇಲೆ ಊರು ಕಟ್ಟಲು ದೂರದ ಉತ್ತರದ ಅಯೋವಾ ಸೀಮೆಯಿಂದ ಬಂದವರು ಮೊದಲ ದಿನವೇ ಒಂದು ಮಾತಿಗೆ ಕಟ್ಟುಬಿದ್ದಿದ್ದರು: ನೆಲ ಯಾರೊಬ್ಬನದೂ ಅಲ್ಲ, ಎಲ್ಲರದು. ನಿವೇಶನ ಹಿಡಿದವನು ಆ ಬರಿಯ ನೆಲಕ್ಕೆ ಸಮುದಾಯಕ್ಕೆ ಬಾಡಿಗೆ ಕಟ್ಟಬೇಕು. ಆ ಒಂದೇ ತೆರಿಗೆಯಲ್ಲಿ ಊರಿನ ರಸ್ತೆ, ಶಾಲೆ, ಬಾವಿ ಎಲ್ಲ ನಡೆಯಬೇಕು. ಅವನು ಬೆವರು ಸುರಿಸಿ ಕಟ್ಟಿದ ಮನೆಗೂ ನೆಟ್ಟ ಮರಕ್ಕೂ ತೆರಿಗೆಯ ಮಾತೇ ಇಲ್ಲ. ಆದ್ದರಿಂದ ನೆಲ ಬಿಡುವವನು ಮನೆಯನ್ನು ಹೊತ್ತುಕೊಂಡೇ ಹೋಗುತ್ತಿದ್ದ. ಆ ಊರಿನಲ್ಲಿ ಕಲ್ಲಿನ ತಳಪಾಯ ಹಾಕಿದವರಿಲ್ಲ. ಎಲ್ಲ ಮನೆಗಳೂ ಮರದ ಮೋಟುಗಳ ಮೇಲೆ, ಈಗಲೋ ಆಗಲೋ ಎದ್ದು ನಡೆಯುವ ಕೋಳಿಗಳ ಹಾಗೆ ಕುಳಿತಿದ್ದವು.

ಇದಕ್ಕೆ ಒಂದು ಕಟ್ಟಳೆಯೂ ಇತ್ತು. ಹೊರಟ ಮನೆಯ ಹಿಂದಿನ ದಿಮ್ಮಿ ಗಡಿಗೂಟದ ಗೆರೆಯನ್ನು ದಾಟುವವರೆಗೆ, ಬಿಟ್ಟುಹೋಗುವವರು "ನಾನು ಬಿಡುವುದಿಲ್ಲ" ಎನ್ನಬಹುದು. ಯಾರೂ ಕಾರಣ ಕೇಳುವಂತಿಲ್ಲ. ದಾಟಿದ ಮೇಲೆ ಜಾಗ ಹೊಸಬನದು. ಇಂದು ಆ ಹೊಸಬ ಆಲ್ಡನ್ ಸ್ಟ್ರೌಡನೇ ಆಗಿದ್ದ.

"ಏನಪ್ಪಾ ಆಲ್ಡನ್!" ಮಿನಾ ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ವಿಲ್ಹೆಲ್ಮಿನಾ ಕೆಟರಿಂಗ್ ಎಂಬುದು ಪೂರ್ತಿ ಹೆಸರು, ಊರಿಗೆಲ್ಲ ಅವಳು ಅತ್ತೆ. ಊರಿನ ಮೊದಲ ಗುಡಾರದಿಂದ ಇದ್ದವಳು, ಗಂಡನನ್ನು ಕಳೆದುಕೊಂಡು ಹೊಲಿಗೆಯಿಂದ ಹೊಟ್ಟೆ ಹೊರೆಯುತ್ತಿದ್ದವಳು. "ನನ್ನ ಮನೇನ ಹೆಣ ಹೊತ್ತ ಹಾಗೆ ಹೊರ್ತಾ ಇದ್ದೀರಲ್ರೋ. ಸ್ವಲ್ಪ ಜೋರಾಗಿ ಎಳೀರಿ. ಮೊದಲ್ನೇ ಸಲ ಕೂತ ಕಡೆಯಿಂದ ಏಳದೆ ಪ್ರಯಾಣ ಮಾಡ್ತಿದೀನಿ, ಗಾಳಿನಾದ್ರೂ ಬರ್ಲಿ."

ದಿಮ್ಮಿ ಎತ್ತುತ್ತಿದ್ದವರು ನಕ್ಕರು. ಆಲ್ಡನ್ ನಗಲು ಪ್ರಯತ್ನಿಸಿದ. ತುಟಿ ಒಣಗಿ ಹಲ್ಲಿಗೆ ಅಂಟಿಕೊಂಡಿತ್ತು.

"ಎಳೀರಿ," ಎಂದ.

ಮುಂದಿನ ದಿಮ್ಮಿಗಳು ಗಡಿ ದಾಟಿದವು.

ಜನವರಿಯ ಮೌಲ್ಯಕಟ್ಟುವ ದಿನದಿಂದ ಇದು ಶುರುವಾಗಿತ್ತು. ವರ್ಷಕ್ಕೊಮ್ಮೆ ಊರಿಗೆ ಊರೇ ನಿವೇಶನದಿಂದ ನಿವೇಶನಕ್ಕೆ ನಡೆದು, ಪ್ರತಿಯೊಂದರ ಬರಿನೆಲದ ಬೆಲೆಯನ್ನು ಬಾಯಿ ಬಿಟ್ಟು ಹೇಳಿ, ಕೈಯೆತ್ತಿ ಗೊತ್ತುಮಾಡುವುದು ಪದ್ಧತಿ. ಹೆಂಗಸರಿಗೂ ಗಂಡಸರಷ್ಟೇ ಕೈ. ನೆಲದ ಬೆಲೆ ಹೇಳುವಾಗ ಮನೆ ಕಣ್ಣಿಗೆ ಬಿದ್ದರೆ ಮನಸ್ಸು ಓಲುತ್ತದೆಂದು ಎಲ್ಲರೂ ಮನೆಗೆ ಬೆನ್ನು ಹಾಕಿ ನಿಲ್ಲಬೇಕು. ಒಳ್ಳೆಯ ಮನೆ ಕಟ್ಟಿದವನಿಗೆ ದಂಡ ಬೀಳಬಾರದು, ಹರಕು ಗುಡಿಸಲಿನವನಿಗೆ ರಿಯಾಯಿತಿ ಸಿಗಬಾರದು. ಹೆಚ್ಚಿನ ಬೆಲೆ ಕೂಗಿದವನು ಆ ಬೆಲೆಗೆ ತಾನೇ ಆ ಜಾಗ ಹಿಡಿಯಲು ಸಿದ್ಧನಿರಬೇಕು. ಇಲ್ಲದಿದ್ದರೆ ಅವನ ಮಾತಿಗೆ ತೂಕವಿಲ್ಲ.

ಮಿನಾ ಅತ್ತೆಯ ನಿವೇಶನ ದಕ್ಷಿಣದ ಬೀದಿಯ ಕೊನೆಯಲ್ಲಿ, ದಿಬ್ಬದ ಅಂಚಿಗಿತ್ತು. ಎಲ್ಲರೂ ಅವಳ ಮನೆಗೆ ಬೆನ್ನು ಹಾಕಿ ಕೊಲ್ಲಿಯ ಕಡೆ ನೋಡುತ್ತ ನಿಂತರು. ಮುಂದೆ ಬರಿಯ ನೀರು, ಬೂದುಬಣ್ಣದ ಆಕಾಶ, ನಾಲ್ಕಾರು ಕಡಲಹಕ್ಕಿ.

"ಬೀದಿ ಇಲ್ಲಿಗೆ ಮುಗೀತು. ಆಮೇಲೆ ಮೀನಿನ ರಾಜ್ಯ," ಎಂದ ಕಾರ್ಯದರ್ಶಿ ಥಾಡಿಯಸ್ ಲಮ್. ಒಂದು ಕಾಲದ ಶಾಲಾಮೇಷ್ಟ್ರು. ಊರಿನ ತತ್ವವನ್ನು ಅವನಷ್ಟು ಬಾಯಿಪಾಠ ಮಾಡಿದವರು ಇರಲಿಲ್ಲ. "ಹೋದ ವರ್ಷದ್ದೇ ಇರ್ಲಿ ಅಂತೀನಿ."

ಆಗ ಆಲ್ಡನ್ ಮಾತಾಡಿದ. "ನನ್ನ ಕೇಳಿದ್ರೆ ಈ ಮೂಲೆ ಮೇಲಿನ ಬೀದಿ ಅಂಗಡಿ ಜಾಗದಷ್ಟೇ ಬಾಳತ್ತೆ."

ಯಾರೋ ಸಿಳ್ಳು ಹಾಕಿದರು. ಲಮ್ ಹುಬ್ಬೇರಿಸಿದ. "ಆ ಬೆಲೆಗೆ ನೀನು ಹಿಡೀತೀಯೇನಯ್ಯಾ?"

"ಹಿಡೀತೀನಿ."

ಊರಿನಲ್ಲಿ ಆಲ್ಡನನ ಮಾತೆಂದರೆ ಗೋಡೆಯ ನೇರ ನೋಡುವ ತೂಗುಗುಂಡು ಇಳಿಬಿಟ್ಟ ಹಾಗೆ. ಅದು ಓರೆಯಾಗಿದ್ದನ್ನು ಕಂಡವರಿರಲಿಲ್ಲ. ಅವನಿಗೆ ಏನೋ ಕಂಡಿದೆ ಎಂದುಕೊಂಡು ಒಬ್ಬೊಬ್ಬರಾಗಿ ಕೈಯೆತ್ತಿದರು. ಮಿನಾ ಅತ್ತೆಯ ಕೈಯೂ ಮೇಲೆದ್ದಿತು.

"ನಿಮ್ಮ ಬಾಡಿಗೆ ನೀವೇ ಏರಿಸ್ಕೋತೀರಾ ಅತ್ತೆ?" ಎಂದು ಯಾರೋ ಕೇಳಿದರು.

"ನನ್ನ ಜಾಗ ಅಂತ ನಾನೇ ಕೈ ಮಡಚಿದ್ರೆ ಅಯೋವಾದಲ್ಲೇ ಬಿದ್ದಿರಬಹುದಿತ್ತಲ್ಲ! ಅಲ್ಲೊಬ್ಬ ಜಮೀನ್ದಾರ ಇದ್ದ, ಅವನ ಮೀಸೆ ನಾನ್ಯಾಕೆ ಅಂಟಿಸ್ಕೊಳ್ಲಿ? ಆಲ್ಡನ್ ಹೇಳಿದ್ಮೇಲೆ ಸರಿಯಾಗೇ ಇರತ್ತೆ."

ಆ ಹೊತ್ತಿನಲ್ಲಿ ಎಲ್ಲರೂ ನೋಡುತ್ತಿದ್ದುದು ಬರಿಯ ನೀರನ್ನು. ಅದರ ಮೇಲೆ ಹಡಗುಕಟ್ಟೆ ಕಾಣುತ್ತಿದ್ದುದು ಆಲ್ಡನನೊಬ್ಬನಿಗೆ.

ಅದಕ್ಕೆ ಕೆಲವೇ ದಿನಗಳ ಹಿಂದೆ ಅವನು ಮೊಳೆ ಕೊಳ್ಳಲು ಹಾಯಿದೋಣಿಯಲ್ಲಿ ಕೊಲ್ಲಿಯಾಚೆಯ ಮೊಬೈಲ್ ಪಟ್ಟಣಕ್ಕೆ ಹೋಗಿದ್ದ. ಊರಿನ ಹಡಗುಕಟ್ಟೆ ಸಮಿತಿಗೆ ಅವನೇ ಮುಖ್ಯಸ್ಥ. ಕಟ್ಟೆ ಉತ್ತರದ ಬೀದಿಯ ಕೆಳಗೆ ಬರುತ್ತದೆಂದು ಊರೆಲ್ಲ ನಂಬಿತ್ತು. ಉಗಿಹಡಗಿನ ಕಂಪನಿಯೊಂದರ ಏಜೆಂಟ್ ಅವನನ್ನು ಪಕ್ಕಕ್ಕೆ ಕರೆದು ಬೇರೆಯೇ ಹೇಳಿದ: ಉತ್ತರದಲ್ಲಿ ಮರಳು ತುಂಬಿದೆ, ದಕ್ಷಿಣದ ಬೀದಿಯ ಕೊನೆಯಲ್ಲಿ ನೀರು ಆಳ, ಕಟ್ಟೆ ಅಲ್ಲಿ ಕಟ್ಟಿದರೆ ಬೇಸಗೆಯಿಂದ ದಿನವೂ ಹಡಗು ನಿಲ್ಲುತ್ತದೆ, ಪಟ್ಟಣದವರು ಗಾಳಿ ಸೇವನೆಗೆ ಹಿಂಡುಹಿಂಡಾಗಿ ಬರುತ್ತಾರೆ. "ನಮ್ಮ ಯಜಮಾನ್ರು ಒಪ್ಪಿದ ತಕ್ಷಣ ನಾನೇ ಬಂದು ನಿಮ್ಮ ಸಭೇಲಿ ಹೇಳ್ತೀನಿ. ಅಲ್ಲೀವರೆಗೂ ಬಾಯಿ ಬಿಡಬೇಡಿ."

ಬಾಯಿ ಬಿಡಬಾರದು ಎಂಬ ಮಾತನ್ನು ಆಲ್ಡನ್ ದೇವರ ವಾಕ್ಯದಂತೆ ಪಾಲಿಸಿದ. ಬಾಯಿ ಬಿಡಬಾರದವನು ಬೆಲೆಯನ್ನೂ ಕೂಗಬಾರದಿತ್ತಲ್ಲವೆ ಎಂಬ ಪ್ರಶ್ನೆ ಅವನನ್ನು ಹಿಡಿದದ್ದು ಆಮೇಲೆ, ಮಿನಾ ಅತ್ತೆ ಬಾಗಿಲಿಗೆ ಬಂದು, "ಈ ಬಾಡಿಗೆಗೆ ನನ್ನ ಸೂಜಿ ಸಾಲದಪ್ಪಾ. ಹಿಂದಿನ ಜೌಗಿನ ಹತ್ರ ಒಂದು ಜಾಗ ಅಗ್ಗಕ್ಕಿದೆ, ಅಲ್ಲಿಗೆ ಹೋಗ್ತೀನಿ. ಮನೆ ನೀನೇ ಸಾಗಿಸಿಕೊಡು, ಬೇರೆಯವರು ಮುರೀತಾರೆ," ಎಂದ ದಿನ.

ಕಟ್ಟೆಯ ಸುದ್ದಿ ತಿಳಿದಿದ್ದರೆ ಅವಳು ಹೋಗುತ್ತಿರಲಿಲ್ಲ. ಒಂದು ಕೋಣೆಯನ್ನು ಹಡಗಿನವರಿಗೆ ಕೊಟ್ಟು, ಮುಸುಕಿನ ಜೋಳದ ರೊಟ್ಟಿಯನ್ನೂ ಹುರಿದ ಮೀನನ್ನೂ ಬಡಿಸಿದ್ದರೆ ಬಾಡಿಗೆ ತಾನಾಗಿ ಹುಟ್ಟುತ್ತಿತ್ತು. ಇದನ್ನು ಅವನು ಅವಳೆದುರು ನಿಂತಾಗಲೇ ಯೋಚಿಸಿದ್ದ. ಯೋಚಿಸಿ, "ಆಯ್ತು ಅತ್ತೆ," ಎಂದಿದ್ದ.

ಈ ದಿನ ಬೆಳಿಗ್ಗೆ ಹೆಂಡತಿ ಹೆಟ್ಟಿ ತಟ್ಟೆಯನ್ನು ಮುಂದಕ್ಕೆ ತಳ್ಳಿ, "ಮುಟ್ಟೇ ಇಲ್ವಲ್ಲ," ಎಂದಿದ್ದಳು. ಮನೆಯಲ್ಲಿ ಸುದ್ದಿ ತಿಳಿದಿದ್ದುದು ಅವಳಿಗೊಬ್ಬಳಿಗೇ.

"ಏಜೆಂಟ್ ಇವತ್ತು ಮಧ್ಯಾಹ್ನದ ದೋಣೀಲಿ ಬರ್ತಾನೆ."

"ಬರ್ಲಿ. ಅಷ್ಟರಲ್ಲಿ ಮನೆ ಹೋಗಿರತ್ತೆ."

"ಅದೇ ಹೇಳ್ತಿರೋದು, ಹೆಟ್ಟಿ."

"ನೀವೇನು ಸುಳ್ಳು ಹೇಳಿದ್ರಾ? ಕದ್ರಾ? ನಮ್ಮ ಕೋರಾಗೆ ಇನ್ನೆರಡು ತಿಂಗಳಲ್ಲಿ ಹೆರಿಗೆ. ಅಳಿಯ ಅಂಗಡಿ ಅಂಗಡಿ ಅಂತ ಬಾಯಿ ಒಣಗಿಸ್ಕೋತಿದಾನೆ, ಆ ಜಾಗ ಅವನಿಗೇ ತಾನೆ? ಅತ್ತೆ ಕೂಡ ಕೈ ಎತ್ತಿದ್ರಲ್ಲ!"

"ಎತ್ತಿದ್ರು," ಎಂದ ಆಲ್ಡನ್. ಅದೇ ಅವನನ್ನು ಚುಚ್ಚುತ್ತಿದ್ದ ಮುಳ್ಳು. ಅವಳು ಜಗಳವಾಡಿ ಹೋಗಿದ್ದರೆ, ಶಪಿಸಿ ಹೋಗಿದ್ದರೆ ಅವನಿಗೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತೇನೋ.

ಮನೆಯ ಮಧ್ಯಭಾಗ ಗಡಿಗೆ ಬಂದಾಗ ಒಂದು ದಿಮ್ಮಿ ಅಂಜೂರದ ಮರದ ಬೇರಿಗೆ ಸಿಕ್ಕಿ ನಿಂತಿತು. ಹೇಸರಗತ್ತೆಗಳು ಕಿವಿ ಹಿಂದಕ್ಕೆ ಮಡಚಿ ಹಟ ಹಿಡಿದವು. ಅವುಗಳ ಒಡೆಯ ಐಸಮ್ ಕಪ್ಪುಜನರ ಹಳ್ಳಿಯವನು. ನ್ಯೂ ಕಾಮನ್ಸ್‌ನ ಮನೆಗಳನ್ನೆಲ್ಲ ಎಳೆದವನು ಅವನೇ, ಅಲ್ಲಿ ಒಂದು ನಿವೇಶನ ಕೇಳಿದಾಗ 'ಕಾಲ ಪಕ್ವವಾಗಿಲ್ಲ' ಎಂಬ ಉತ್ತರ ಪಡೆದವನೂ ಅವನೇ. ಅವನು ಮುಂದಿನ ಹೇಸರಗತ್ತೆಯ ಕಿವಿಯ ಬಳಿ ಬಗ್ಗಿ, ಎಲ್ಲರಿಗೂ ಕೇಳುವಷ್ಟು ಗುಟ್ಟಾಗಿ ಹೇಳಿದ: "ನಡಿಯೇ ರಾಣಿ. ನೆಲ ಎಲ್ಲಾರದಂತೆ. ನಿಂಗೂ ನಂಗೂ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ."

ಕೆಲವರು ನಕ್ಕರು, ಕೆಲವರು ಕೆಮ್ಮಿದರು. ಲಮ್ ಜೇಬಿನ ಗಡಿಯಾರ ನೋಡಿದ.

ಮಿನಾ ಅತ್ತೆ ಬಾಗಿಲಿಗೆ ಬಂದಳು. ಅಂಜೂರದ ಮರವನ್ನು ನೋಡಿದಳು. "ಆಲ್ಡನ್, ಬೇರು ಕಡೀಬೇಡಪ್ಪಾ. ಮರ ನಿನಗೇ ಬಿಟ್ಟು ಹೋಗ್ತಿದೀನಿ. ಮುದಿಯಾಯ್ತು, ಕೀಳೋಕಾಗಲ್ಲ. ಜೂನ್‌ನಲ್ಲಿ ಹಣ್ಣು ಬಂದಾಗ ಹಕ್ಕಿಗಳು ಬರ್ತಾವೆ, ಹಳೇ ಪರದೆ ಹೊದಿಸು. ಕೋರಾ ಮಗು ಬಾಯಿಗೆ ಮೊದಲ್ನೇ ಹಣ್ಣು ಇಡು, ನನ್ನ ಹೆಸರು ಹೇಳಿ."

ಅವಳು ಒಳಗೆ ಹೋದಳು. ಆಲ್ಡನ್ ಮಂಡಿಯೂರಿ ಬೇರಿನ ಮೇಲೆ ಹಲಗೆ ಇಟ್ಟು ದಿಮ್ಮಿಗೆ ದಾರಿ ಮಾಡಿದ. ಬೆಣೆ ಎರಡು ಸಲ ಜಾರಿತು. ಇಪ್ಪತ್ತು ವರ್ಷದ ಬಡಗಿತನದಲ್ಲಿ ಅವನ ಬೆಣೆ ಜಾರಿದ್ದನ್ನು ಕಾಣದವರು ಮುಖ ಮುಖ ನೋಡಿಕೊಂಡರು.

"ಮೈ ಹುಷಾರಿಲ್ವಾ?" ಎಂದ ಲಮ್.

"ಇದೆ. ಎಳೀರಿ."

ಮನೆ ಮುಂದೆ ಉರುಳಿತು. ಇನ್ನು ಉಳಿದದ್ದು ಹಿಂದಿನ ದಿಮ್ಮಿ. ಅದು ಗೂಟದಿಂದ ಒಂದು ಆಳುದ್ದ ಒಳಗಿತ್ತು. ನಂತರ ಅರ್ಧ ಆಳು. ಆಲ್ಡನ್ ಅದನ್ನೇ ನೋಡುತ್ತಿದ್ದ. ಇನ್ನೊಂದು ಎಳೆತ, ಆಮೇಲೆ ಹೇಳಿದರೂ ಉಪಯೋಗವಿಲ್ಲ, ಉಪಯೋಗವಿಲ್ಲದ್ದನ್ನು ಹೇಳುವುದೇಕೆ? ಈ ಯೋಚನೆ ಎಷ್ಟು ಹಿತವಾಗಿತ್ತೆಂದರೆ, ಅದರ ಹಿತಕ್ಕೆ ಅವನಿಗೇ ಹೇಸಿಗೆಯಾಯಿತು.

ಕೊಲ್ಲಿಯಲ್ಲಿ ಒಂದು ಬಿಳಿಯ ಹಾಯಿ ಕಾಣಿಸಿತು.

"ಅಗೋ, ದೋಣಿ ಬೇಗ ಬಂತು ಇವತ್ತು," ಎಂದು ಯಾರೋ ಅಂದರು.

ಐಸಮ್ ಚಾಟಿ ಎತ್ತಿದ. ದಿಮ್ಮಿ ಕಿರುಗುಟ್ಟಿತು, ಗೂಟದ ಕಡೆ ಹೊರಳಿತು, ಒಂದು ಗೇಣು ಉಳಿಯಿತು.

"ನಿಲ್ಲಿಸಿ!"

ಆಲ್ಡನ್ ಕೂಗಿದ್ದು ಮಾತ್ರವಲ್ಲ, ಕೈಯಲ್ಲಿದ್ದ ಬೆಣೆಯನ್ನು ದಿಮ್ಮಿಯ ಮುಂದೆ ಬಡಿದಿದ್ದ. ಮನೆ ಜಗ್ಗಿ ನಿಂತಿತು. ಒಳಗೆ ಪಾತ್ರೆಯೊಂದು ಬಿದ್ದ ಸದ್ದಾಯಿತು.

"ನನ್ನ ಕಾಫಿ!" ಎಂದಳು ಮಿನಾ ಅತ್ತೆ. "ಏನಾಯ್ತೋ?"

"ಅತ್ತೆ, ಹೊರಗೆ ಬನ್ನಿ. ನೀವು ಈ ಜಾಗ ಬಿಡಬೇಡಿ." ಅವನ ದನಿ ಅವನಿಗೇ ಪರಿಚಯವಿಲ್ಲದಷ್ಟು ಸಣ್ಣದಾಗಿತ್ತು. "ಹಡಗುಕಟ್ಟೆ ಇಲ್ಲೇ ಬರತ್ತೆ. ನಿಮ್ಮ ಬಾಗಿಲ ಮುಂದೆ. ದಿನಾ ಹಡಗು, ದಿನಾ ಜನ. ಆ ದೋಣೀಲಿ ಬರ್ತಿರೋನು ಅದನ್ನ ಹೇಳೋಕೇ ಬರ್ತಿರೋದು. ನನಗೆ ಮೊದಲೇ ಗೊತ್ತಿತ್ತು."

ದಿಮ್ಮಿ ಹಿಡಿದವರು ಹಿಡಿದಲ್ಲೇ ನಿಂತರು. ಹೆಟ್ಟಿ ಬೇಲಿಯ ಆಚೆ ಬಾಯಿಗೆ ಸೆರಗಿನಂತೆ ಏಪ್ರನ್ ಅಡ್ಡ ಹಿಡಿದಳು.

ಮೊದಲು ಮಾತಾಡಿದವನು ಲಮ್. ಗಂಟಲು ಸರಿಮಾಡಿಕೊಂಡು, ಪಾಠ ಹೇಳುವವನ ಹಾಗೆ: "ಸ್ವಲ್ಪ ತಾಳಿ. ಇದರಲ್ಲಿ ಅನ್ಯಾಯ ಆದದ್ದೆಲ್ಲಿ? ಕಟ್ಟೆ ಬಂದ್ರೆ ನೆಲದ ಬೆಲೆ ಏರತ್ತೆ. ಆಲ್ಡನ್ ಹೇಳಿದ ಬೆಲೆ ಸರಿಯಾಗೇ ಇತ್ತು ಅಂತಾಯ್ತು. ಆ ಬಾಡಿಗೆ ಬರೋದು ಊರಿಗೆ, ಅವನ ಜೇಬಿಗಲ್ಲ. ತತ್ವದ ಪ್ರಕಾರ ನೋಡಿದ್ರೆ ಯಾರಿಗೂ ನಷ್ಟ ಇಲ್ಲ."

ಇಬ್ಬರು ಮೂವರು ತಲೆಯಾಡಿಸಿದರು. "ಗಾಬರಿ ಬೀಳ್ಬೇಡಯ್ಯಾ ಆಲ್ಡನ್," ಎಂದು ಒಬ್ಬ ಅವನ ಭುಜ ತಟ್ಟಿದ. "ಮುಂದಾಲೋಚನೆ ಅಪರಾಧ ಅಲ್ಲ."

ಆಲ್ಡನ್ ತಾನು ಬೈಗುಳಕ್ಕೆ ಸಿದ್ಧನಾಗಿದ್ದನೆಂದು ಆಗ ಅರಿತ. ಈ ಸಮಾಧಾನಕ್ಕೆ ಸಿದ್ಧನಾಗಿರಲಿಲ್ಲ. ಭುಜದ ಮೇಲಿನ ಆ ಕೈಯನ್ನು ಕೊಡವಿಕೊಳ್ಳಬೇಕೆನ್ನಿಸಿತು.

ಮಿನಾ ಅತ್ತೆ ಮೆಟ್ಟಿಲಿಲ್ಲದ ಬಾಗಿಲಲ್ಲಿ ನಿಂತಿದ್ದಳು. ಕಾಫಿ ಚೆಲ್ಲಿ ಸ್ಕರ್ಟಿನ ಅಂಚು ನೆಂದಿತ್ತು. ಲಮ್‌ನ ಕಡೆ ಅವಳು ತಿರುಗಲೇ ಇಲ್ಲ.

"ಯಾವತ್ತು ಗೊತ್ತಾಯ್ತು?"

"ಬೆಲೆ ಕಟ್ಟೋಕೆ ಮುಂಚೆ."

"ನಾನು ಕೈ ಎತ್ತೋಕೆ ಮುಂಚೆ."

"ಹೌದು ಅತ್ತೆ."

"ನಾನು ನಿನ್ನ ಮನೆಗೆ ಬಂದು ಮನೆ ಸಾಗಿಸು ಅಂದಾಗ?"

"ಆಗಲೂ."

"ಈಗ ಹತ್ತು ನಿಮಿಷದ ಹಿಂದೆ, ಅಂಜೂರದ ಮಾತಾಡಿದಾಗ?"

ಐಸಮ್ ಹೇಸರಗತ್ತೆಯ ಕುತ್ತಿಗೆಯ ಮೇಲೆ ಕೈಯಿಟ್ಟು ದೂರದ ನೀರನ್ನು ನೋಡುತ್ತಿದ್ದ.

"ಲಮ್ ಮೇಷ್ಟ್ರೇ," ಎಂದಳು ಮಿನಾ ಅತ್ತೆ, ಇನ್ನೂ ಆಲ್ಡನನನ್ನೇ ನೋಡುತ್ತ. "ಯಾರಿಗೂ ನಷ್ಟ ಇಲ್ಲ ಅಂದ್ರಲ್ಲ. ಊರಿಗೆ ಇಲ್ಲ, ಒಪ್ಪಿದೆ. ತತ್ವಕ್ಕೂ ಇಲ್ಲ. ಇವನು ಹೇಳಿದ್ದು ಅಂತ ನಾನು ಕಣ್ಮುಚ್ಚಿ ಕೈ ಎತ್ತಿದ್ದೆ. ಇನ್ಮೇಲೆ ಯಾರು ಹೇಳಿದ್ರೆ ಎತ್ಲಿ? ಅದನ್ನ ಲೆಕ್ಕಕ್ಕೆ ಹಿಡಿಯೋ ತತ್ವ ಇದ್ರೆ ಹೇಳಿ."

ಲಮ್ ಮತ್ತೆ ಜೇಬಿನ ಗಡಿಯಾರ ತೆಗೆದ.

"ದಿಮ್ಮಿ ಗೆರೆ ದಾಟಿದೆಯಾ, ಐಸಮ್?"

"ಇಲ್ಲಮ್ಮಾ. ಒಂದು ಗೇಣು ಒಳಗಿದೆ."

"ಹಾಗಾದ್ರೆ ನಾನು ಬಿಡಲ್ಲ. ಹಿಂದಕ್ಕೆ ಹಾಕಿ ನನ್ನ ಮನೇನ."

ಹೇಸರಗತ್ತೆಗಳನ್ನು ಬಿಚ್ಚಿ ಹಿಂಬದಿಗೆ ಕಟ್ಟಿದರು. ಹೋದ ಕೆಲಸವೇ ಮರಳಿ ಬಂದಾಗ ಯಾರಿಗೂ ಹುರುಪಿರಲಿಲ್ಲ. ಭುಜ ತಟ್ಟಿದವನು ಊಟದ ನೆಪ ಹೇಳಿ ಹೊರಟ. ಹೆಟ್ಟಿ ಹಿಂತಿರುಗಿ ನೋಡದೆ ಮನೆಯ ಕಡೆ ನಡೆದಳು. ಕೋರಾಗೆ ಏನು ಹೇಳುವಳೋ ಎಂದು ಆಲ್ಡನ್ ಅವಳ ಬೆನ್ನು ಮರೆಯಾಗುವವರೆಗೂ ನೋಡಿದ.

ಅಷ್ಟರಲ್ಲಿ ಏಜೆಂಟ್ ದಿಬ್ಬ ಹತ್ತಿ ಬಂದು, ಗುಂಪನ್ನು ತನ್ನ ಸ್ವಾಗತಕ್ಕೆಂದೇ ತಿಳಿದು, ಟೋಪಿ ತೆಗೆದು ಸುದ್ದಿ ಹೇಳಿದ. ಯಾರೂ ಜಯಕಾರ ಹಾಕದಿದ್ದುದು ಅವನಿಗೆ ಅರ್ಥವಾಗಲಿಲ್ಲ.

"ಮೋಟಿನ ಮೇಲೆ ಮಟ್ಟವಾಗಿ ಇಳಿಸೋಕೆ ಯಾರು ಬರ್ತೀರಿ?" ಎಂದು ಮಿನಾ ಅತ್ತೆ ಕೇಳಿದಳು. "ಇವನು ನನ್ನ ಮನೆ ಮುಟ್ಟೋದು ನಂಗೆ ಬೇಡ."

ದಿಮ್ಮಿ ಎತ್ತುವವರು ಹಲವರಿದ್ದರು. ಮನೆಯಡಿ ಅಂಗಾತ ಮಲಗಿ, ಮನೆಯನ್ನು ಎತ್ತಿ ಹಿಡಿದ ತಿರುಪಿನ ಜಾಕು ಸಡಿಲಿಸುತ್ತ, ಗೋಡೆ ಸೀಳದಂತೆ ನಾಲ್ಕು ಮೂಲೆಯನ್ನೂ ಒಂದೇ ಸಮ ಇಳಿಸಬಲ್ಲವನು ಊರಿಗೊಬ್ಬನೇ.

ಅವಳು ನೆನೆದ ಸ್ಕರ್ಟಿನ ಅಂಚನ್ನು ಹಿಂಡಿಕೊಂಡಳು.

"ಸರಿ," ಎಂದಳು ಕೊನೆಗೆ. "ಕೆಳಗೆ ಹೋಗು."

ಆಲ್ಡನ್ ಕೋಟು ಕಳಚಿಟ್ಟು ಮನೆಯಡಿಗೆ ತೆವಳಿದ. ಅಲ್ಲಿ ತಂಪಾದ ಮರಳಿನ ವಾಸನೆಯಿತ್ತು. ಮೂಗಿಗೆ ಒಂದು ಗೇಣು ಮೇಲೆ ನೆಲಹಲಗೆಗಳು. ಆ ಹಲಗೆಗಳನ್ನು ಅವನೇ ಗುಡಾರದ ದಿನಗಳಲ್ಲಿ, ಕೂಲಿ ಬೇಡವೆಂದು, ಹೊಡೆದುಕೊಟ್ಟಿದ್ದ. ಒಂದು ಮೂಲೆಯ ಜಾಕನ್ನು ಒಂದು ಸುತ್ತು ಸಡಿಲಿಸಿ, ತೆವಳಿ ಇನ್ನೊಂದಕ್ಕೆ ಹೋದ. ಮೇಲೆ ಹಲವು ಹೆಜ್ಜೆಗಳು ಬಂದವು. ಏಜೆಂಟನ ಬೂಟು, ಲಮ್‌ನ ಎಳೆಯುವ ಕಾಲು, ಮಿನಾ ಅತ್ತೆಯ ಚಪ್ಪಟೆ ಹೆಜ್ಜೆ.

"ಈ ಕೋಣೇಲಿ ಎರಡು ಮಂಚ ಹಿಡೀಬಹುದು," ಎಂದ ಏಜೆಂಟ್. "ಕಿಟಕಿಯಿಂದ ನೀರು ಕಾಣತ್ತೆ. ಪಟ್ಟಣದ ಹೆಂಗಸರು ಇದಕ್ಕೆ ಪ್ರಾಣ ಬಿಡ್ತಾರೆ."

"ಪ್ರಾಣ ಬೇಡ, ಹಾಸಿಗೆ ಒಗೆಯೋ ಕೂಲಿ ಕೊಟ್ರೆ ಸಾಕು," ಎಂದಳು ಮಿನಾ ಅತ್ತೆ. ಎಲ್ಲರೂ ನಕ್ಕರು. ಅವಳ ನಗು ಬೇಗ ನಿಂತುಹೋಯಿತು.

ಆಲ್ಡನ್ ಮೂರನೆಯ ಮೂಲೆಗೆ ತೆವಳಿದ. ಕಣ್ಣಿಗೆ ಮರಳು ಬಿದ್ದಿತ್ತು. ಒರೆಸಿಕೊಳ್ಳಲು ಕೈ ಮಡಚುವಷ್ಟು ಜಾಗವಿರಲಿಲ್ಲ.

"ಆಲ್ಡನ್ ಎಲ್ಲಿ?" ಎಂದ ಏಜೆಂಟ್. "ಅವರಿಗೂ ಒಂದು ಕಪ್ ಕೊಡಿ. ಸುದ್ದಿ ಕೇಳಿ ಮೊದಲು ಖುಷಿಪಟ್ಟವರೇ ಅವರು."

ಮೇಲಿನ ಹೆಜ್ಜೆಗಳೆಲ್ಲ ನಿಂತವು.

"ಕೆಳಗಿದ್ದಾನೆ," ಎಂದಳು ಮಿನಾ ಅತ್ತೆ, ನೇರ ಅವನ ಎದೆಯ ಮೇಲಿನ ಹಲಗೆಯಲ್ಲಿ ನಿಂತು. "ಅವನ ಕೆಲಸ ಇನ್ನೂ ಇದೆ."

ಆಲ್ಡನ್ ಜಾಕಿನ ಹಿಡಿಯನ್ನು ಹುಡುಕಿ ಹಿಡಿದು, ಅವಳ ಭಾರವಿದ್ದ ಆ ಮೂಲೆಯನ್ನು ಮೆಲ್ಲಗೆ, ಸದ್ದಾಗದಂತೆ ಇಳಿಸತೊಡಗಿದ.